ವೂಲಾ ಕೋಲು ಊರಿದ ನೆಲ

ಬೆಳಗಿನ ಆರೂವರೆಗೆ ಇನ್ನೂ ಐದು ನಿಮಿಷವಿತ್ತು. ವೂಲಾ ಒಲೆಯ ಮುಂದೆ ನಿಂತು ಪುಟ್ಟ ಹಿಡಿಕೆಯ ಪಾತ್ರೆಯಲ್ಲಿ ಕಾಫಿ ಉಕ್ಕುವುದನ್ನೇ ಕಾಯುತ್ತಿದ್ದಳು. ಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟಿದ್ದಳು, ಏಕೆಂದರೆ ಬಲಗಾಲಿನ ಮಂಡಿಗೆ ಬೆಳಗಿನ ಹೊತ್ತು ಬುದ್ಧಿ ಬರುವುದು ತಡ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಥಿಸಲ್ ಬೀದಿಯ ಈಡಿತ್ ಟ್ರಿಲೋರ್. ಎಂಬತ್ತೊಂದು ವರ್ಷದ ಮುದುಕಿ. ನಗರಸಭೆಯಲ್ಲಿ, ಅಂದರೆ ಕೌನ್ಸಿಲ್‌ನಲ್ಲಿ, ಮರ ಅಳೆಯುವ ವೂಲಾಳ ನಂಬರು ಸಿಕ್ಕ ದಿನದಿಂದ ಇಂದಿನವರೆಗೆ ಆಕೆ ಕೌನ್ಸಿಲ್ ಮೇಲೆ ದೂರಿಲ್ಲದೆ ಒಂದು ತಿಂಗಳು ಕಳೆದದ್ದಿಲ್ಲ.

“ವೂಲಾ, ಎದ್ದಿದೀಯೇನೇ? ಎದ್ದಿಲ್ದಿದ್ರೆ ಏಳು. ನನ್ನ ಬೇಲಿಗೆ ಏನ್ ಗತಿ ಕಾಣಿಸ್ತೀರಿ ಹೇಳು.”

“ಯಾವ ಬೇಲಿ, ಈಡಿತ್?”

“ಇನ್ಯಾವುದು, ತಗಡಿನ ಬೇಲಿ! ತುಂಬಿದ ಬಸುರಿ ಥರ ನನ್ನ ಕಡೆ ಉಬ್ಕೊಂಡು ನಿಂತಿದೆ. ಪಕ್ಕದ ಸೈಟಿನೋರು ಮನೆ ಕೆಡವಿದ ಮಣ್ಣನ್ನೆಲ್ಲ ತಂದು ಅದಕ್ಕೆ ಒರಗಿಸಿಬಿಟ್ಟಿದಾರೆ. ನನ್ನ ಮಂಡಿಗೆ ಬರುತ್ತೆ ಮಣ್ಣು. ಅಲ್ಲಿರೋ ಮರ ಕಡಿಯೋರು ಬೇರೆ ಈಗಲೇ ಬಂದು ಲಾರಿ ನಿಲ್ಸಿದಾರೆ. ಮರ ಹೋದ್ರೆ ಹೋಗ್ಲಿ, ಪೀಡೆ, ಸೂರಿನ ದೋಣಿ ತುಂಬ ಅದರ ಎಲೆನೇ. ಆದ್ರೆ ಅವರು ಗಂಟು ಮೂಟೆ ಕಟ್ಟಿದ ಮೇಲೆ ನನ್ನ ಬೇಲಿಗೆ ಯಾರನ್ನ ಹಿಡ್ಕೊಳ್ಲಿ?”

ವೂಲಾಳ ಕೈ ಸಕ್ಕರೆ ಡಬ್ಬಿಯ ಮೇಲೆ ನಿಂತಿತು. “ಆ ಮಣ್ಣು ಮರದ ಬುಡದಲ್ಲೂ ಇದೆಯಾ?”

“ಬುಡ ಎಲ್ಲಿ ಕಾಣುತ್ತೆ? ಕಂಬ ನೆಟ್ಟ ಹಾಗೆ ನಿಂತಿದೆ.”

“ಯಾವಾಗ ಹಾಕಿದ್ದು?”

“ಜುಲೈನಲ್ಲಿ. ನೀನು ಬಂದು ಅಳತೆ ಮಾಡ್ಕೊಂಡು ಹೋದ್ಯಲ್ಲ, ಅದಕ್ಕಿಂತ ಮುಂಚೇನೇ. ಯಾಕೆ, ನಿನಗೆ ಕಾಣ್ಲಿಲ್ವಾ?”

ವೂಲಾ ಫೋನ್ ಇಡುವ ಹೊತ್ತಿಗೆ ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಕಂಬ ನೆಟ್ಟ ಹಾಗೆ! ಯಾವ ಮರವಾದರೂ ಕಂಬ ನೆಟ್ಟ ಹಾಗೆ ನೆಲದಿಂದ ಏಳುತ್ತದೆಯೆ? ಬುಡದಲ್ಲಿ ಅಗಲವಾಗಿ, ಬೇರಿನ ಹೆಗಲುಗಳನ್ನು ನಾಲ್ಕೂ ಕಡೆ ಚಾಚಿಕೊಂಡು ಕೂತಿರುತ್ತದೆ. ಹಾಗೆ ಕಾಣಲಿಲ್ಲವೆಂದರೆ ನಿಜವಾದ ಬುಡ ಮಣ್ಣಿನಡಿ ಹೂತಿದೆ ಎಂದು ಅರ್ಥ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳೇ ಮೊದಲ ದಿನ ಹೇಳಿಕೊಡುವ ಪಾಠ ಇದು.

ಕಾಯಿದೆ ಬಹಳ ಸರಳವಾಗಿದೆ ಎಂದು ಅದನ್ನು ಬರೆದವರು ನಂಬಿದ್ದಾರೆ. ಸಹಜ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ನೂರು ಸೆಂಟಿಮೀಟರ್ ಮುಟ್ಟಿದರೆ ಅದು ರಕ್ಷಿತ ಮರ. ಕಡಿಯಬೇಕೆಂದರೆ ಅರ್ಜಿ, ತಜ್ಞರ ವರದಿ, ತಿಂಗಳುಗಟ್ಟಲೆ ಓಡಾಟ. ಉಳಿಸಿಕೊಂಡು ಮನೆ ಕಟ್ಟುತ್ತೀರಾದರೆ ಸುತ್ತ ತಂತಿಬೇಲಿ ಹಾಕಬೇಕು. ಅದರೊಳಗೆ ಇಟ್ಟಿಗೆ ಪೇರಿಸುವಂತಿಲ್ಲ, ಸಿಮೆಂಟು ತೊಳೆದ ನೀರು ಚೆಲ್ಲುವಂತಿಲ್ಲ, ಒಂದು ಸಲಿಕೆ ಮಣ್ಣು ತೆಗೆಯುವಂತಿಲ್ಲ, ಹಾಕುವಂತೆಯೂ ಇಲ್ಲ. ನೂರಕ್ಕೆ ಕೂದಲೆಳೆಯಷ್ಟು ಕಡಿಮೆಯಾಯಿತೋ, ಅದು ಮರವೇ ಅಲ್ಲ, ಸೌದೆ. ಇಷ್ಟೆಲ್ಲ ಭಾರ ಕೂತಿರುವುದು ‘ಸಹಜ ನೆಲ’ ಎಂಬ ಎರಡು ಪದಗಳ ಮೇಲೆ. ಯಾರೂ ಅಗೆಯುವ, ಯಾರೂ ತುಂಬುವ ಮೊದಲು ಇದ್ದ ನೆಲ ಎಂದು ಅದರ ಅರ್ಥ. ಕಾಂಡ ಮೇಲೆ ಹೋದಂತೆ ಸಣ್ಣಗಾಗುತ್ತದೆ. ಬುಡಕ್ಕೆ ಮಂಡಿಯೆತ್ತರ ಮಣ್ಣು ಏರಿಸಿ ಅಲ್ಲಿಂದ ಅಳೆದರೆ ಟೇಪೂ ಅಷ್ಟೇ ಮೇಲೇರುತ್ತದೆ, ಸುತ್ತಳತೆ ಇಳಿಯುತ್ತದೆ, ರಕ್ಷಿತ ಮರ ಕೂತಲ್ಲೇ ಸೌದೆಯಾಗುತ್ತದೆ.

ಮೂರು ವಾರದ ಹಿಂದೆ ವೂಲಾ ಮಾಡಿದ್ದು ಅದನ್ನೇ. ಆ ಗುಡ್ಡೆಯ ಮೇಲೆ ಹಬ್ಬುಬಳ್ಳಿಯನ್ನು ಎಳೆದು ಹರಡಿದ್ದರು. ಅವಳ ಹತ್ತಿರ ಪೊರಕೆಯ ಹಿಡಿಯಿಂದ ತಾನೇ ಕತ್ತರಿಸಿಕೊಂಡ, ಸರಿಯಾಗಿ ಒಂದು ಮೀಟರ್ ಉದ್ದದ ಕೋಲಿದೆ. ಅದನ್ನು ಬಳ್ಳಿಯ ಮೇಲೇ ನಿಲ್ಲಿಸಿ, ಅದರ ತುದಿಯ ಮಟ್ಟಕ್ಕೆ ಕಾಂಡದ ಸುತ್ತ ಟೇಪು ಎಳೆದಿದ್ದಳು. ತೊಂಬತ್ತೊಂದು ಬಂದಿತ್ತು. ‘ಅನುಮತಿ ಬೇಕಾಗಿಲ್ಲ’ ಎಂದು ಪತ್ರ ಬರೆದು ಸಹಿ ಹಾಕಿದ್ದಳು. ಬಳ್ಳಿ ಸರಿಸಿ, ಕಸ ಕೆದರಿ, ಗಟ್ಟಿ ನೆಲ ಕೈಗೆ ಸಿಕ್ಕದ ಹೊರತು ಕೋಲು ಊರಬಾರದು ಎಂದು ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು, ಅವತ್ತು ಬಗ್ಗಲಿಲ್ಲ.

ಬಗ್ಗಲಿಲ್ಲ ಎಂದರೆ ಸೊಕ್ಕಿನಿಂದಲ್ಲ, ಆಗಲಿಲ್ಲ. ಎರಡು ವರ್ಷದಿಂದ ಬಲಮಂಡಿಯ ಮೂಳೆ ಮೂಳೆಗೆ ಉಜ್ಜುತ್ತಿದೆ. ನೆಲಕ್ಕೆ ಕೂತರೆ ಏಳಲು ಏನಾದರೂ ಹಿಡಿದುಕೊಳ್ಳಬೇಕು, ಹಿಡಿಯಲು ಏನೂ ಸಿಗದಿದ್ದರೆ ಯಾರನ್ನಾದರೂ ಕರೆಯಬೇಕು. ಇದು ಅವಳ ಗಂಡನಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ಕೌನ್ಸಿಲ್‌ಗೆ ಗೊತ್ತಿಲ್ಲ. ಗೊತ್ತಾದರೆ ಮರುದಿನವೇ ಅವಳನ್ನು ಒಳಗೆ ಕೂರಿಸಿ, ಅರ್ಜಿಗಳಿಗೆ ಠಸ್ಸೆ ಒತ್ತಿಸುತ್ತಾರೆ. ವೂಲಾಳಿಗೆ ಸಾವೆಂದರೂ ಅಷ್ಟು ಭಯವಿಲ್ಲ.

ಅವಳ ಅಪ್ಪ ಅಮ್ಮ ಗ್ರೀಸಿನಿಂದ ಹಡಗು ಹತ್ತಿ ಬಂದು ಅಡಿಲೇಡಿನ ಬಂದರಿನ ಕಡೆ ಮೀನು ಕರಿದು ಮಾರುವ ಅಂಗಡಿ ಇಟ್ಟವರು. ಹದಿನಾಲ್ಕು ವರ್ಷ ಎಣ್ಣೆಯ ಹೊಗೆಯಲ್ಲಿ ನಿಂತು ನಿಂತು, ಸೂರು ಕಂಡರೆ ಆಗದವಳಾಗಿ ಬೆಳೆದಳು ಈ ಹುಡುಗಿ. ಇಪ್ಪತ್ತೆರಡಕ್ಕೆ ಕೌನ್ಸಿಲ್‌ನ ತೋಟದ ಗುಂಪಿಗೆ ಸೇರಿದಳು. ಹದಿನೇಳು ಗಂಡಸರ ನಡುವೆ ಒಬ್ಬಳೇ ಹೆಂಗಸು. ಮೊದಲ ವರ್ಷ ಅವಳ ಬೂಟಿನೊಳಗೆ ಕಪ್ಪೆ ಇಟ್ಟು ನಕ್ಕರು. ಎರಡನೆಯ ವರ್ಷ ಮರಗಳ ಹೆಸರು ಮರೆತರೆ ಅವಳನ್ನೇ ಕೇಳತೊಡಗಿದರು. ಮುಂದೆ ಮರಗಳ ಕಾಯಿದೆ ಬಂದಾಗ ಅಳೆಯುವ ಕೆಲಸ ಅವಳಿಗೇ ಸಿಕ್ಕಿತು. ಕಟ್ಟಡದವರು ಅವಳಿಗೆ ‘ಟೇಪಮ್ಮ’ ಎಂದು ಹೆಸರಿಟ್ಟರು. ಹೆದರಿಕೆಯೂ ಇತ್ತು, ನಂಬಿಕೆಯೂ ಇತ್ತು. ನುನ್ಸಿಯೊ ಎಂಬ ಇಟಲಿ ಮೂಲದ ಮೇಸ್ತ್ರಿ ಒಮ್ಮೆ ರಕ್ಷಿತ ಮರದ ಬೇಲಿಯೊಳಗೆ ಸಿಮೆಂಟಿನ ಡ್ರಮ್ಮು ತೊಳೆದಾಗ ಮೂರು ದಿನ ಕೆಲಸ ನಿಲ್ಲಿಸಿದ್ದಳು. ಅವನು ಕೇಕು ತಂದು ಕೊಟ್ಟ, ತಿಂದಳು, ನಾಲ್ಕನೆಯ ದಿನದವರೆಗೂ ಕೆಲಸ ಶುರುಮಾಡಲು ಬಿಡಲಿಲ್ಲ.

ಥಿಸಲ್ ಬೀದಿಯ ಸೈಟೂ ಅದೇ ನುನ್ಸಿಯೊನದು. ಒಂದು ಹಳೆಯ ಮನೆ ಕೆಡವಿ ಎರಡು ಹೊಸ ಮನೆ ಏಳಿಸುತ್ತಿದ್ದಾನೆ. ಹಿತ್ತಲ ಮೂಲೆಯಲ್ಲಿ ಗ್ರೇ ಬಾಕ್ಸ್ ಎಂಬ ನೀಲಗಿರಿ ಜಾತಿಯ ಮರ. ನೆಡುತೋಪಿನ ನೀಲಗಿರಿಯ ಹಾಗೆ ಸರ್ರನೆ ಏಳುವಂಥದ್ದಲ್ಲ, ಬೆಳೆಯಲು ಮನಸ್ಸೇ ಇಲ್ಲದಂಥದ್ದು. ಸುತ್ತಳತೆ ಇಷ್ಟಾಗಲು ಅದಕ್ಕೆ ಎಂಬತ್ತು ವರ್ಷ ಹಿಡಿದಿರಬೇಕು. ಈ ತಪ್ಪಲಿನ ಕಾಡೆಲ್ಲ ಒಂದು ಕಾಲಕ್ಕೆ ಇದೇ ಮರವಾಗಿತ್ತು. ಈಗ ಇಲ್ಲೊಂದು ಅಲ್ಲೊಂದು ಹಿತ್ತಲಿನಲ್ಲಿ ಉಳಿದಿವೆ.

ಸೈಟಿನಲ್ಲಿ ಏಳು ಗಂಟೆಗೆ ಮುಂಚೆ ಯಂತ್ರ ಶುರುಮಾಡುವಂತಿಲ್ಲ. ಗಡಿಯಾರ ಆರೂ ಮೂವತ್ತೊಂದು ತೋರಿಸುತ್ತಿತ್ತು. ವೂಲಾ ಕೋಲು, ಟೇಪು, ಕೈಸಲಿಕೆ ಕಾರಿನೊಳಗೆ ಎಸೆದು ಹೊರಟಳು. ದಾರಿಯಲ್ಲೇ ಮೇಲಧಿಕಾರಿ ಗ್ರಾಂಟ್‌ಗೆ ಫೋನ್ ಹಚ್ಚಿದಳು. ಗ್ರಾಂಟ್‌ಗೆ ನಲವತ್ತೊಂದು. ಹದಿನೈದು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವನಿಗೆ ಟೇಪು ಹಿಡಿಯಲು ಕಲಿಸಿದವಳು ವೂಲಾಳೇ.

“ಗ್ರಾಂಟ್, ಥಿಸಲ್ ಬೀದಿಯ ಪತ್ರ ವಾಪಸ್ ತಗೋ. ಈಗಲೇ. ಏಳು ಗಂಟೆಗೆ ಕಡಿಯೋಕೆ ಶುರುಮಾಡ್ತಾರೆ.”

ಅವನು ಇನ್ನೂ ಹಾಸಿಗೆಯಲ್ಲಿದ್ದನೆಂದು ಧ್ವನಿಯೇ ಹೇಳುತ್ತಿತ್ತು. “ವೂಲಾ, ನಿಧಾನ. ಅಳೆದೋರು ನೀವೇ, ಸಹಿ ಹಾಕಿದೋರು ನೀವೇ. ಯಾವ ಕಾರಣಕ್ಕೆ ವಾಪಸ್ ತಗೊಳ್ಲಿ?”

“ಅಳತೆ ತಪ್ಪಾಗಿದೆ. ಬುಡಕ್ಕೆ ಮಣ್ಣು ಏರಿಸಿದಾರೆ. ನಾನು ಮಣ್ಣಿನ ಮೇಲಿಂದ ಅಳೆದೆ.”

“ನೀವಾ?” ಅವನಿಗೆ ನಂಬಿಕೆಯೇ ಬರಲಿಲ್ಲ. “ಬುಡ ಕೆದರದೆ ಅಳೆದೆ ಅಂತ ನನಗೆ ಊಟಕ್ಕೂ ಬಿಡದೆ ಬೈದಿದ್ರಿ, ನೆನಪಿದೆಯಾ? ನೀವು ಕೆದರದೆ ಅಳೆದ್ರಾ?”

“ಆತುರದಲ್ಲಿದ್ದೆ.”

“ನೀವು ಯಾವತ್ತೂ ಆತುರದಲ್ಲಿ ಅಳೆದೋರಲ್ಲ. ನೋಡಿ, ಪತ್ರ ನಂಬಿ ಅವರು ಲಾರಿ ತರಿಸಿದಾರೆ, ಜನ ಕರೆಸಿದಾರೆ. ‘ಆತುರ’ ಅಂತ ಬರೆದು ನಾನು ಕೆಲಸ ನಿಲ್ಸಿದ್ರೆ ನುನ್ಸಿಯೊನ ವಕೀಲ ನಮ್ಮನ್ನ ಹುರಿದು ಮುಕ್ತಾನೆ. ನಿಜ ಹೇಳಿ, ಏನಾಯ್ತು?”

ಮುಂದೆ ಸಿಗ್ನಲ್ ಕೆಂಪಾಯಿತು. ವೂಲಾ ಬ್ರೇಕ್ ಒತ್ತಿದಳು, ಮಂಡಿಯೊಳಗೆ ಸೂಜಿ ಹೊಕ್ಕಂತಾಯಿತು. ಸುಳ್ಳು ಹೇಳಲು ಅವಳಿಗೆ ಒಂದು ಸಿಗ್ನಲಿನಷ್ಟು ಸಮಯವಿತ್ತು. ಜ್ವರವಿತ್ತು ಎನ್ನಬಹುದಿತ್ತು. ಮಳೆ ಬರುತ್ತಿತ್ತು ಎನ್ನಬಹುದಿತ್ತು. ಆದರೆ ಇವನು ತಾನು ತಿದ್ದಿ ಬೆಳೆಸಿದ ಹುಡುಗ, ಸುಳ್ಳಿನ ವಾಸನೆ ಹಿಡಿಯುವುದನ್ನೂ ತಾನೇ ಕಲಿಸಿದ್ದಾಳೆ, ಕರ್ಮ.

“ಬಗ್ಗೋಕೆ ಆಗ್ಲಿಲ್ಲ ಕಣೋ. ನನ್ನ ಮಂಡಿ ಹೋಗಿದೆ. ಎರಡು ವರ್ಷ ಆಯ್ತು. ನಿಮಗೆ ಯಾರಿಗೂ ಹೇಳಿಲ್ಲ. ಸಾಕಾ?”

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ.

“ಏಳೂವರೆ ತನಕ ಸಮಯ ಕೊಡಿಸ್ತೀನಿ,” ಎಂದ ಗ್ರಾಂಟ್. “ನುನ್ಸಿಯೊಗೆ ನಾನೇ ಫೋನ್ ಮಾಡ್ತೀನಿ. ಅಷ್ಟರೊಳಗೆ ಹಳೇ ನೆಲ ತೋರಿಸಿ, ಹೊಸದಾಗಿ ಅಳೆದು, ಫೋಟೋ ಕಳಿಸಿ. ನೂರು ಮುಟ್ಟಿದ್ರೆ ನಿಲ್ಸೋಣ. ಇಲ್ಲಾಂದ್ರೆ ನನ್ನ ಕೈಲಿ ಏನೂ ಆಗಲ್ಲ.”

ಅವಳು ಕಾರು ನಿಲ್ಲಿಸಿದಾಗ ಆರು ಐವತ್ತೆರಡು. ಮರ ಕಡಿಯುವ ಗುಂಪಿನ ಮುಖ್ಯಸ್ಥ ಟೆವಿಟಾ, ಟೋಂಗಾ ದ್ವೀಪದವನು, ಬಾಗಿಲಿನಷ್ಟು ಅಗಲದ ಆಳು, ಗರಗಸದ ಮಿಷನ್ನಿಗೆ ಎಣ್ಣೆ ಹಾಕುತ್ತಿದ್ದ. ಅವನ ಒಬ್ಬ ಆಳು ಆಗಲೇ ಹಗ್ಗ ಕಟ್ಟಿಕೊಂಡು ಮೊದಲ ಕವಲಿನಲ್ಲಿ ಕೂತಿದ್ದ. ನುನ್ಸಿಯೊ ಫೋನು ಜೇಬಿಗೆ ಇಳಿಸುತ್ತ ಬಂದ.

“ಏನ್ ಮಾರಾಯ್ತಿ ಇದು! ಸಹಿ ಹಾಕಿದ ಕೈಯಲ್ಲೇ ಸಹಿ ಅಳಿಸೋಕೆ ಬಂದ್ಯಾ?”

“ಮಣ್ಣು ಯಾಕೆ ಏರಿಸ್ದೆ, ನುನ್ಸಿಯೊ?”

“ಮಣ್ಣು ಎಲ್ಲಾದ್ರೂ ಹಾಕ್ಬೇಕಲ್ಲ, ತಲೆ ಮೇಲೆ ಹೊತ್ಕೊಳ್ಲಾ? ಡ್ರೈವರ್‌ಗೆ ಮೂಲೆ ಕಂಡಿದೆ, ಸುರಿದಿದಾನೆ.”

“ಬಳ್ಳೀನೂ ಡ್ರೈವರೇ ಹೊದಿಸಿದ್ನಾ?”

ಅವನು ಮುಖ ಬೇರೆ ಕಡೆ ತಿರುಗಿಸಿದ. “ನೋಡು, ಅಳೆಯೋಕೆ ಬಂದೋಳು ನೀನು. ಟೇಪಮ್ಮನ ಕಣ್ಣಿಗೆ ಮಣ್ಣು ಕಾಣ್ಲಿಲ್ಲ ಅಂದ್ರೆ ಅದು ನನ್ನ ತಪ್ಪಾ? ಏಳೂವರೆ ಅಂದಿದಾನೆ ನಿಮ್ಮ ಸಾಹೇಬ. ಏಳು ಮೂವತ್ತೊಂದಕ್ಕೆ ಮಿಷನ್ ಶುರು.”

ಮಾತು ನೆಟ್ಟಗೆ ನಾಟಿತು. ಅವನು ಹೇಳಿದ್ದರಲ್ಲಿ ಅರ್ಧ ಠಕ್ಕುತನವಾದರೂ ಉಳಿದರ್ಧ ನಿಜ. ವೂಲಾ ಮರದ ಹತ್ತಿರ ಹೋಗಿ ನಿಂತಳು. ಕಂಬ ನೆಟ್ಟ ಹಾಗೆಯೇ ಇತ್ತು. ಕುರುಡಿಗೂ ಕಾಣುವಂತಿತ್ತು.

ಈಗ ಬಗ್ಗಬೇಕು. ಎಡಗೈಯನ್ನು ಕಾಂಡಕ್ಕೆ ಒತ್ತಿ, ಎಡಮಂಡಿಯನ್ನು ಮೊದಲು ಇಳಿಸಿ, ಬಲಗಾಲನ್ನು ಪಕ್ಕಕ್ಕೆ ಚಾಚಿ ಕೂರಲು ನೋಡಿದಳು. ಅರ್ಧ ದಾರಿಯಲ್ಲಿ ಕಾಲು ಕೈಕೊಟ್ಟಿತು. ದೊಪ್ಪನೆ ಕುಸಿದಳು. ಕಣ್ಣಲ್ಲಿ ನೀರು ಚಿಮ್ಮಿತು.

“ಆಂಟೀ!” ಟೆವಿಟಾ ಮಿಷನ್ನು ಕೆಳಗಿಟ್ಟು ಓಡಿಬಂದ. “ಸಲಿಕೆ ಕೊಡಿ ಇಲ್ಲಿ, ನಾನು ಅಗೀತೀನಿ.”

“ನೀನು ಮುಟ್ಬೇಡಪ್ಪ. ಕಡಿಯೋಕೆ ಬಂದೋನು ಅಗೆದ್ರೆ ನಾಳೆ ಅದಕ್ಕೂ ಒಂದು ತಕರಾರು. ನಾನೇ ಅಗೀಬೇಕು.”

ಬಳ್ಳಿ ಕಿತ್ತೆಸೆದಳು. ಕೈಸಲಿಕೆಯಿಂದ ಕಾಂಡಕ್ಕೆ ತಾಗಿದಂತೆ ಒಂದು ಗುಂಡಿ ತೋಡತೊಡಗಿದಳು. ಮಣ್ಣು ಸಡಿಲವಾಗಿತ್ತು, ಸುಲಭವಾಗಿ ಬಂತು. ಮಣ್ಣಿನಲ್ಲಿ ಹೆಂಚಿನ ಚೂರು, ಗಾರೆಯ ಹೆಂಟೆ, ಯಾರದೋ ಬಚ್ಚಲಿನ ನೀಲಿ ಕಲ್ಲಿನ ತುಂಡು. ಒಂದೊಂದನ್ನೂ ಪಕ್ಕದಲ್ಲಿ ಸಾಲಾಗಿ ಇಟ್ಟಳು. ಇವೆಲ್ಲ ಮನೆ ಕೆಡವಿದ ಮಣ್ಣೆಂಬುದಕ್ಕೆ ಸಾಕ್ಷಿ. ಬೇಲಿಯ ಮೇಲಿಂದ ಈಡಿತ್‌ಳ ಬಿಳಿ ತಲೆ ಇಣುಕಿತು.

“ಅಗಿ, ಅಗಿ. ನನ್ನ ಬೇಲಿ ಕಡೆಯಿಂದ್ಲೂ ಸ್ವಲ್ಪ ತೆಗಿ.”

“ಈಡಿತ್, ಸ್ವಲ್ಪ ಸುಮ್ನಿರ್ತೀರಾ?”

“ಸುಮ್ನಿದ್ದಿದ್ರೆ ನೀನು ಈಗ ಇಲ್ಲಿ ಇರ್ತಿದ್ಯಾ?”

ಏಳು ಹತ್ತು. ಗುಂಡಿ ಒಂದು ಗೇಣಾಯಿತು. ಇನ್ನೂ ಅದೇ ಸಡಿಲ ಮಣ್ಣು. ಏಳು ಹದಿನೆಂಟಕ್ಕೆ ಸಲಿಕೆಯ ಸದ್ದು ಬದಲಾಯಿತು. ಕಪ್ಪಗೆ ಕೊಳೆತ ಎಲೆ ತೊಗಟೆಯ ಬೆರಳು ದಪ್ಪದ ಪದರ, ಅದರಡಿ ಕಲ್ಲಿನಂಥ ಕೆಂಪು ನೆಲ. ಜುಲೈವರೆಗೆ ಬಿಸಿಲು ಕಂಡಿದ್ದ ನೆಲ ಅದು. ಕೈಬೆರಳಿನಿಂದ ಕಾಂಡದ ಬುಡ ಸವರಿದಳು. ಅಲ್ಲಿತ್ತು ಬೇರಿನ ಹೆಗಲು, ದಪ್ಪಗೆ, ಅಗಲವಾಗಿ, ಆಚೆ ಈಚೆ ಇಳಿದು ಹೋಗುತ್ತಿತ್ತು.

“ನುನ್ಸಿಯೊ, ಬಾ ಇಲ್ಲಿ. ನೋಡು. ಇದು ನೆಲ. ಅದು ನಿನ್ನ ಮಣ್ಣು.”

ಅವನು ಬಗ್ಗಿ ನೋಡಿದ. ಮೀಸೆ ಉಜ್ಜಿಕೊಂಡ. ವಾದಿಸಲು ಜಾಗವಿರಲಿಲ್ಲ. “ನಲವತ್ತೈದು ಸೆಂಟಿಮೀಟರ್ ಇರಬಹುದು,” ಎಂದು ಗೊಣಗಿದ. ಅವನ ಮುಖ ಬಿಳಿಚಿಕೊಂಡಿತ್ತು. ಎರಡನೆಯ ಮನೆ ಏಳಬೇಕಾದದ್ದು ಈ ಮೂಲೆಯಲ್ಲೇ. ಮರ ಉಳಿದರೆ ಆ ಮನೆ ಇಲ್ಲ.

ವೂಲಾಳಿಗೆ ಒಳಗೊಳಗೇ ಸಂತೋಷ ಉಕ್ಕಿತು. ತಾನು ತಪ್ಪು ಮಾಡಿದ್ದು ಖಚಿತವಾಯಿತೆಂದು ಇಷ್ಟು ಖುಷಿಪಟ್ಟ ಹೆಂಗಸು ಅವತ್ತು ಇಡೀ ಅಡಿಲೇಡಿನಲ್ಲಿ ಇನ್ನೊಬ್ಬಳಿರಲಿಲ್ಲ. ತೊಂಬತ್ತೊಂದು ತಪ್ಪು. ಅರ್ಧ ಮೀಟರ್ ಕೆಳಗೆ ಹೋದರೆ ಕಾಂಡ ದಪ್ಪವೇ ಇರಬೇಕು. ನೂರು ದಾಟುತ್ತದೆ, ದಾಟಲೇಬೇಕು. ಕೋಲನ್ನು ಗುಂಡಿಯೊಳಗೆ ಕೆಂಪು ನೆಲದ ಮೇಲೆ ನಿಲ್ಲಿಸಿದಳು. ತುದಿ ಬಂದ ಕಡೆ ತೊಗಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಗುಂಡಿಯ ಪಕ್ಕ ಕೂತವಳ ಎದೆಯ ಮಟ್ಟಕ್ಕಿತ್ತು ಗೆರೆ. ಟೇಪನ್ನು ಕಾಂಡದ ಹಿಂದಿನಿಂದ ಬಳಸಿ ತಂದಳು. ಒಂದು ಸಲ ಜಾರಿತು. ಮತ್ತೆ ಬಳಸಿ, ಮಟ್ಟ ನೋಡಿ, ಬಿಗಿಮಾಡಿ, ಕನ್ನಡಕ ಸರಿಸಿ ಓದಿದಳು.

ತೊಂಬತ್ತೊಂಬತ್ತು. ಅದರ ಮೇಲೆ ಎರಡು ಗೆರೆ.

ಟೇಪು ಬಿಚ್ಚಿದಳು. ಮತ್ತೆ ಕಟ್ಟಿದಳು. ತೊಂಬತ್ತೊಂಬತ್ತು ಬಿಂದು ಎರಡು. ಇನ್ನೊಂದು ಸಲ. ಅಷ್ಟೇ. ಎಂಟು ಮಿಲಿಮೀಟರ್ ಕಡಿಮೆ. ಒಂದು ಕಿರುಬೆರಳಿನ ಅಗಲಕ್ಕೂ ಸಾಲದು. ಎರಡು ಮಳೆಗಾಲ ಕಳೆದಿದ್ದರೆ ಆ ಮರ ತಾನೇ ತುಂಬಿಕೊಳ್ಳುತ್ತಿತ್ತು.

“ಎಷ್ಟು?” ಎಂದ ನುನ್ಸಿಯೊ.

ಟೆವಿಟಾ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟೇಪು ನೋಡಿದ. ಆಮೇಲೆ ನುನ್ಸಿಯೊಗೆ ಬೆನ್ನು ಮಾಡಿ, ತಗ್ಗಿದ ದನಿಯಲ್ಲಿ ಹೇಳಿದ: “ಆಂಟಿ, ಆ ಕಡೆ ತೊಗಟೆ ಮೇಲೆ ಬಳ್ಳಿ ಕಡ್ಡಿ ಅಂಟ್ಕೊಂಡಿತ್ತಲ್ಲ, ಅದನ್ನ ಕೀಳದೇ ಇದ್ದಿದ್ರೆ ನೂರಾಗ್ತಿತ್ತು. ಒಂದು ಕಡ್ಡಿ ಹಾಗೇ ಇಟ್ಟು ಕಟ್ಟಿ. ನಾನಂತೂ ನೋಡಿಲ್ಲ. ನನಗೆ ಇವತ್ತು ರಜೆ ಸಿಕ್ಕಿದ್ರೆ ಬೇಜಾರೇನಿಲ್ಲ.”

ಕಡ್ಡಿ ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಬಿದ್ದಿತ್ತು. ಅದನ್ನೊಮ್ಮೆ ನೋಡಿದಳು, ಸುಳ್ಳೇಕೆ. ನುನ್ಸಿಯೊ ಬಳ್ಳಿ ಹೊದಿಸಿ ತನ್ನನ್ನು ಮೋಸ ಮಾಡಬಹುದಾದರೆ ತಾನು ಅದೇ ಬಳ್ಳಿಯ ಒಂದು ಕಡ್ಡಿ ಇಟ್ಟರೆ ಏನು ಮುಳುಗಿಹೋಗುತ್ತದೆ? ಗಿಳಿಗಳ ಹಿಂಡೊಂದು ಬಂದು ಮೇಲಿನ ಕೊಂಬೆಯಲ್ಲಿ ಜಗಳಕ್ಕೆ ಕೂತಿತು. ಕವಲಿನಲ್ಲಿದ್ದ ಆಳು ಕೆಳಗೆ ನೋಡುತ್ತಿದ್ದ. ಆದರೆ ಇವತ್ತು ನೂರು ಎಂದು ಬರೆದರೆ, ಹಿಂದೆ ಅವಳು ನೂರು ಎಂದು ಬರೆದ ಮರಗಳೆಲ್ಲ ಅದರ ಜೊತೆಗೆ ಅಲುಗಾಡುತ್ತವೆ. ‘ಟೇಪಮ್ಮ ಕಡ್ಡಿ ಇಟ್ಟು ಅಳೀತಾಳೆ’ ಎಂಬ ಮಾತು ಒಂದು ಸಲ ಹೊರಬಿದ್ದರೆ ಸಾಕು, ಆ ಬೇಲಿಗಳೆಲ್ಲ ಒಂದೊಂದಾಗಿ ಕಿತ್ತುಬರುತ್ತವೆ.

“ತೊಂಬತ್ತೊಂಬತ್ತು ಬಿಂದು ಎರಡು,” ಎಂದಳು, ಎಲ್ಲರಿಗೂ ಕೇಳುವಂತೆ.

ನುನ್ಸಿಯೊ ಉಸಿರು ಬಿಟ್ಟ. ನಗುತ್ತಾನೆಂದು ಅವಳು ಕಾದಳು, ನಗಲಿಲ್ಲ. “ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನೂರು ಅಂತಿದ್ದೆ,” ಎಂದಷ್ಟೇ ಹೇಳಿ ಲಾರಿಯ ಕಡೆ ಹೋದ.

“ಏಳಿ ಆಂಟಿ,” ಎಂದ ಟೆವಿಟಾ.

“ಏಳೋಕಾಗಲ್ಲ ಕಣಪ್ಪ. ಎತ್ತು.”

ಅವನು ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದ. ಬೇಲಿಯ ಮೇಲಿಂದ ಈಡಿತ್ ಏನೋ ಹೇಳಲು ಬಾಯಿ ತೆರೆದವಳು ವೂಲಾಳ ಮುಖ ಕಂಡು ಮುಚ್ಚಿಕೊಂಡಳು. ವೂಲಾ ಕುಂಟುತ್ತ ಕಾರಿನವರೆಗೆ ಬಂದು, ಒಳಗೆ ಕೂತು, ಫೋಟೋಗಳನ್ನು ಕಳಿಸಿ ಗ್ರಾಂಟ್‌ಗೆ ಫೋನ್ ಮಾಡಿದಳು. ಬೆನ್ನ ಹಿಂದೆ ಮಿಷನ್ನು ಒಮ್ಮೆ ಕೆಮ್ಮಿ ಶುರುವಾಯಿತು.

“ನೋಡ್ದೆ,” ಎಂದ ಗ್ರಾಂಟ್. “ಬೇಜಾರಾಯ್ತು. ಆದ್ರೆ ಒಂದು ರೀತಿ ಒಳ್ಳೇದೇ ಆಯ್ತು ವೂಲಾ. ಪತ್ರ ತಪ್ಪಲ್ಲ. ಅನುಮತಿ ಬೇಕಾಗಿಲ್ಲ ಅಂದಿದ್ರಿ, ಈಗಲೂ ಬೇಕಾಗಿಲ್ಲ. ವಾಪಸ್ ತಗೊಳ್ಳೋದೇನೂ ಇಲ್ಲ, ಕಾರಣ ಬರೆಯೋದೂ ಇಲ್ಲ. ಇನ್ನು ನಿಮ್ಮ ಕಾಲಿನ ವಿಷಯ... ಸಿಗ್ನಲ್ ಹತ್ರ ನೆಟ್‌ವರ್ಕ್ ಸರಿ ಇರ್ಲಿಲ್ಲ. ನನಗೇನೂ ಕೇಳಿಸ್ಲಿಲ್ಲ.”

ಇವನಂಥ ಹುಡುಗರು ಎಲ್ಲಿ ಸಿಗುತ್ತಾರೆ! ಮೂರು ವರ್ಷ ಕಳೆದರೆ ನಿವೃತ್ತಿ. ಮೂರು ವರ್ಷ ಹೀಗೇ ಬೀದಿ ಬೀದಿ ಸುತ್ತಿಕೊಂಡು, ಮರದ ಕೆಳಗೆ ರೊಟ್ಟಿ ಮೊಸರು ತಿಂದುಕೊಂಡು ಕಳೆದುಬಿಡಬಹುದು. “ಥ್ಯಾಂಕ್ಸ್ ಕಣೋ,” ಎಂದಳು. ಫೋನ್ ಇಟ್ಟಳು. ಬದುಕಿಕೊಂಡೆ ಎಂದು ನಿಜಕ್ಕೂ ಅನ್ನಿಸಿತು. ಕೀಲಿ ತಿರುಗಿಸಲು ಕೈ ಮುಂದೆ ಚಾಚಿದಳು.

ಆಗ ಅವಳಿಗೆ ಆಲಿವ್ ತೋಪಿನ ಪಕ್ಕದ ಸೈಟು ನೆನಪಾಯಿತು.

ಕಳೆದ ವರ್ಷದ ಮಾರ್ಚ್. ಅಲ್ಲೂ ಒಂದು ನೀಲಗಿರಿ. ತೊಂಬತ್ತೆಂಟು ಎಂದು ಬರೆದಿದ್ದಳು. ಬುಡದ ಸುತ್ತ ತೊಗಟೆಯ ಚೂರು ಹಾಸಿದ್ದರು, ನೋಡಲು ಚೆಂದವಾಗಿತ್ತು. ಎಷ್ಟು ದಪ್ಪ ಹಾಸಿದ್ದರು? ಒಂದು ಬೆರಳೋ, ಒಂದು ಗೇಣೋ? ಅವಳಿಗೆ ಗೊತ್ತಿಲ್ಲ. ಕೆದರಿ ನೋಡಿದ್ದೇ ಇಲ್ಲ, ನಿಂತೇ ಅಳೆದಿದ್ದಳು. ಒಂದು ಗೇಣಿದ್ದರೆ ಸಾಕಿತ್ತು, ಅದು ನೂರು ದಾಟಿದ ಮರ. ಈಗ ಹೋಗಿ ಅಳೆಯೋಣವೆಂದರೆ ಅಲ್ಲಿ ಯಾರದೋ ಗ್ಯಾರೇಜಿದೆ. ಹೊಳೆಯ ಪಕ್ಕದ್ದು? ತೊಂಬತ್ತೇಳು. ಶಾಲೆಯ ಹಿಂದಿನದು? ಅಲ್ಲಿ ಹುಲ್ಲು ಮಂಡಿಯೆತ್ತರ ಬೆಳೆದಿತ್ತು. ಎರಡು ವರ್ಷದಲ್ಲಿ ಎಷ್ಟು ಪತ್ರಕ್ಕೆ ಸಹಿ ಹಾಕಿದ್ದಾಳೆ? ಎಷ್ಟು ಬುಡಗಳ ಮುಂದೆ ಬಗ್ಗಿದ್ದಾಳೆ? ಇವತ್ತಿನದು ತೊಂಬತ್ತೊಂಬತ್ತು ಬಂತು, ಪತ್ರ ಗೆದ್ದಿತು. ಉಳಿದವು ಗೆದ್ದಿವೆಯೆಂದು ಹೇಳುವವರು ಯಾರು?

ಹಿಂದಿನಿಂದ ಮೊದಲ ದೊಡ್ಡ ಕೊಂಬೆ ಬಿದ್ದ ಸದ್ದು ಬಂತು. ಗಿಳಿಗಳು ಕಿರುಚಿಕೊಂಡು ಕಾರಿನ ಮೇಲೆ ಹಾದುಹೋದವು. ವೂಲಾ ಪಕ್ಕದ ಸೀಟಿನಿಂದ ತನ್ನ ದಿನಚರಿಯ ಪುಸ್ತಕ ತೆಗೆದು, ಪುಟ ಮಗುಚಿದಳು. ಕಡಿದು ಹೋದವುಗಳ ಮೇಲೆ ಅಡ್ಡಗೆರೆ ಇತ್ತು. ಪತ್ರ ಹೋಗಿದ್ದರೂ ಇನ್ನೂ ಕಡಿಯದೆ ನಿಂತಿರುವ ಮರಗಳು ಆರು. ಮತ್ತೆ ಗ್ರಾಂಟ್‌ಗೆ ಫೋನ್ ಹಚ್ಚಿದಳು.

“ಈಗ ನೆಟ್‌ವರ್ಕ್ ಸರಿ ಇದೆಯಾ?”

“ವೂಲಾ, ಬಿಟ್ಬಿಡಿ. ಮನೆಗೆ ಹೋಗಿ ಕಾಲಿಗೆ ಐಸ್ ಇಡಿ.”

“ಕೇಳಿಸ್ಕೋ. ನನ್ನ ಮಂಡಿ ಹೋಗಿದೆ. ಎರಡು ವರ್ಷದಿಂದ ನಾನು ಬುಡ ನೋಡದೇ ಸಹಿ ಹಾಕಿದೀನಿ. ಎಷ್ಟು ಮರಕ್ಕೆ ಅಂತ ನನಗೇ ಗೊತ್ತಿಲ್ಲ. ಹೋದವು ಹೋದವು. ಆರು ಇನ್ನೂ ನಿಂತಿವೆ. ನನ್ನ ಹೆಸರು ಹಾಕಿ, ಕಾರಣ ಹಾಕಿ, ಆರೂ ಪತ್ರ ವಾಪಸ್ ತಗೋ.”

“ಆಮೇಲೆ ನಿಮ್ಮನ್ನ ಹೊರಗಡೆ ಕಳಿಸೋಕಾಗಲ್ಲ, ಗೊತ್ತಲ್ವಾ? ನನ್ನ ಕೈಲಿ ಇರಲ್ಲ ಅದು.”

“ಗೊತ್ತು.” ಅಳು ಬಂದಿತ್ತು, ಅವಳು ಅದನ್ನು ಮುಚ್ಚಿಡಲು ಹೋಗಲಿಲ್ಲ. “ಆರರಲ್ಲಿ ಒಂದನ್ನ ಇವತ್ತು ಹತ್ತು ಗಂಟೆಗೇ ಕಡೀತಾರೆ. ಕೂತು ಏಳೋಕೆ ಬರೋ ಯಾರನ್ನಾದ್ರೂ ಅಲ್ಲಿಗೆ ಓಡಿಸು. ವಿಳಾಸ ಹೇಳ್ತೀನಿ, ಬರ್ಕೋ.”

ಆ ಕಡೆಯಿಂದ ಗ್ರಾಂಟ್ ಮೇಜಿನ ಖಾನೆ ಎಳೆದು ಪೆನ್ನು ಹುಡುಕುವ ಸದ್ದು ಕೇಳಿಸಿತು.